ಓಡಿಸಲೂ ಬೇಡಿ, ಕೂರಿಸಲೂ ಬೇಡಿ: ದಾವಣಗೆರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ದಾವಣಗೆರೆ
ಹಾಗೂ
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ದಾವಣಗೆರೆ

ವಿಷಯ: ಸ್ನಾಯುರೋಗ ಇರುವ ಮಕ್ಕಳ ವ್ಯಾಯಾಮ, ಊಟ, ರಕ್ತ ಪರೀಕ್ಷೆ ಮತ್ತು ಅರಿವಳಿಕೆ ಬಗ್ಗೆ

ಮಾನ್ಯರೇ,

ಸ್ನಾಯುರೋಗದ ಮಗುವಿನ ಸುದ್ದಿ ಪೇಪರಿನಲ್ಲಿ ಬಂತು ಅಂದರೆ ಅದರಲ್ಲಿ 16 ಕೋಟಿ ರೂಪಾಯಿಯ ಇಂಜೆಕ್ಷನ್ ಇದ್ದೇ ಇರುತ್ತದೆ. ಕೈಮುಗಿದು ನಿಂತ ಅಪ್ಪ ಅಮ್ಮ, ಕೆಳಗೆ ಬ್ಯಾಂಕ್ ಖಾತೆ ನಂಬರು, ಯಾರದೋ ಒಂದು ಭರವಸೆ. ಆ ಇಂಜೆಕ್ಷನ್ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಹಾಗಾಗಿ ಅದರ ಮಾತು ಇಲ್ಲಿಗೇ ಬಿಡುತ್ತೇನೆ. ನಾನು ಕೇಳುವುದು ನಿಮ್ಮ ಕಚೇರಿಗಳಿಂದ ಒಂದೆರಡು ಸುತ್ತೋಲೆ, ನಿಮ್ಮ ಸಿಬ್ಬಂದಿಗೆ ಅರ್ಧ ದಿನದ ತರಬೇತಿ, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಸಾಮಾನ್ಯ ರಕ್ತ ಪರೀಕ್ಷೆ. ಇಷ್ಟು ಯಾಕೆ ಬೇಕು ಅಂತ ಹೇಳಬೇಕಾದರೆ ಸ್ನಾಯುವಿನ ಒಳಗೆ ಸ್ವಲ್ಪ ಇಳಿಯಬೇಕು. ದಯವಿಟ್ಟು ತಾಳ್ಮೆಯಿಂದ ಓದಿ.

ನಾನು ಡಾಕ್ಟರಲ್ಲ. ಇದೇ ಊರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ತಂಗಿಯನ್ನು ಜಗಳೂರು ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಹುಡುಗನಿಗೆ ಈಗ ಹನ್ನೆರಡು. ಹೋದ ವರ್ಷದಿಂದ ನಡೆಯುತ್ತಿಲ್ಲ, ವೀಲ್‌ಚೇರಿನಲ್ಲಿದ್ದಾನೆ. ಲೆಕ್ಕದಲ್ಲಿ ಚುರುಕು, ಬಾಯಿ ಇನ್ನೂ ಚುರುಕು. ಹುಟ್ಟುವ 3500ರಿಂದ 5000 ಗಂಡುಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ ಅನ್ನುವುದು ಜಗತ್ತಿನಾದ್ಯಂತ ಸಿಗುವ ಲೆಕ್ಕ. ಅಂದಮೇಲೆ ನಮ್ಮ ಜಿಲ್ಲೆಯಲ್ಲಿ, ಪಕ್ಕದ ಚಿತ್ರದುರ್ಗದಲ್ಲಿ ಇವನಂಥವರು ಇನ್ನೂ ಇರಲೇಬೇಕು. ಎಲ್ಲಿದ್ದಾರೆ? ಬಹಳಷ್ಟು ಮಂದಿ ಮನೆಯೊಳಗೇ ಇದ್ದಾರೆ ಅನ್ನುವುದು ನನ್ನ ಊಹೆ.

ಮೊದಲು ಕಾಯಿಲೆ ಏನು ಅಂತ. ನಮ್ಮ ಸ್ನಾಯುವಿನ ಪ್ರತಿ ಎಳೆಗೂ ಒಂದು ತೆಳುವಾದ ಹೊರಪೊರೆ ಇದೆ. ಸ್ನಾಯು ಹಿಗ್ಗಿ ಕುಗ್ಗುವಾಗ ಆ ಪೊರೆ ಹರಿಯದಂತೆ ಹಿಡಿದಿಡುವ ಪ್ರೊಟೀನಿನ ಹೆಸರು ಡಿಸ್ಟ್ರೊಫಿನ್. ಇದನ್ನು ಮಾಡುವ ಜೀನ್ ಎಕ್ಸ್ ಕ್ರೋಮೊಸೋಮಿನಲ್ಲಿದೆ. ಮನುಷ್ಯನ ಜೀನ್‌ಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದು, 79 ತುಂಡುಗಳಲ್ಲಿ ಹರಡಿಕೊಂಡಿದೆ. ಅಷ್ಟು ದೊಡ್ಡದಾದ್ದರಿಂದ ಎಲ್ಲೋ ಒಂದು ಕಡೆ ತುಂಡು ಬಿಟ್ಟುಹೋಗುವ ಸಾಧ್ಯತೆಯೂ ಜಾಸ್ತಿ. ಪ್ರೊಟೀನ್ ಇಲ್ಲದಿದ್ದರೆ ಪ್ರತಿ ಸಲ ಮೆಟ್ಟಿಲು ಇಳಿದಾಗಲೂ ಪೊರೆಯಲ್ಲಿ ಸಣ್ಣ ಸಣ್ಣ ಬಿರುಕು. ಆ ಬಿರುಕಿನಿಂದ ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ.

ಪಠ್ಯಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ: ಪೊರೆ ಹರಿಯಿತು, ಎಳೆ ಸತ್ತಿತು, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಂಡಿತು. ಮೀನಖಂಡ ದಪ್ಪಗಾಗುವುದು ಹಾಗೇ. ನಮ್ಮ ಹುಡುಗನ ಕಾಲು ನೋಡಿ ಊರಲ್ಲಿ ಎಲ್ಲರೂ ಪೈಲ್ವಾನ್ ಕಾಲು ಅನ್ನುತ್ತಿದ್ದರು. ಆದರೆ ಎಳೆ ಸಾಯುವುದಕ್ಕೆ ಎಷ್ಟೋ ಮೊದಲೇ ಇನ್ನೊಂದು ತೊಂದರೆ ಶುರುವಾಗಿರುತ್ತದೆ. ಅದು ಶಕ್ತಿಯ ತೊಂದರೆ. ಇದನ್ನು ನಮ್ಮ ವ್ಯವಸ್ಥೆ ಗಮನಿಸುತ್ತಿಲ್ಲ ಅನ್ನುವುದೇ ನನ್ನ ದೂರು.

ಸ್ನಾಯುವಿಗೆ ಬೇಕಾದ ಶಕ್ತಿ ಎಟಿಪಿ ಅನ್ನುವ ಕಣದಲ್ಲಿರುತ್ತದೆ. ದೇಹ ಇದನ್ನು ಕೂಡಿಡುವುದಿಲ್ಲ. ಜೋರಾಗಿ ಓಡಿದರೆ ಕೈಯಲ್ಲಿದ್ದ ಎಟಿಪಿ ಕೆಲವೇ ಸೆಕೆಂಡಿನಲ್ಲಿ ಖಾಲಿ. ಆಮೇಲೆ ಸ್ನಾಯುವಿನಲ್ಲೇ ಇರುವ ಕ್ರಿಯಾಟಿನ್ ಫಾಸ್ಫೇಟ್ ಅನ್ನುವ ವಸ್ತು ಒಂದಿಷ್ಟು ಸೆಕೆಂಡು ದೂಡುತ್ತದೆ. ಅದರ ನಂತರ ಗ್ಲೈಕೊಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಸುಡಬೇಕು, ಕೊಬ್ಬು ಸುಡಬೇಕು. ಈ ಸುಡುವ ಕೆಲಸದ ದೊಡ್ಡ ಪಾಲು ನಡೆಯುವುದು ಜೀವಕೋಶದೊಳಗಿನ ಪುಟ್ಟ ಶಕ್ತಿಮನೆಗಳಾದ ಮೈಟೊಕಾಂಡ್ರಿಯದಲ್ಲಿ. ಡುಶೆನ್ ಇರುವ ಸ್ನಾಯುವಿನಲ್ಲಿ ಒಳನುಗ್ಗಿದ ಕ್ಯಾಲ್ಸಿಯಂ ಅನ್ನು ಈ ಮೈಟೊಕಾಂಡ್ರಿಯಗಳೇ ನುಂಗಬೇಕಾಗುತ್ತದೆ. ನುಂಗಿ ನುಂಗಿ ಅವು ಕೆಡುತ್ತವೆ. ಸುಮ್ಮನೆ ಕೂತಿದ್ದಾಗಲೂ ಅಲ್ಲಿ ಎಟಿಪಿ ಕಡಿಮೆ.

ಇನ್ನೊಂದು ಏಟೂ ಇದೆ. ಡಿಸ್ಟ್ರೊಫಿನ್ ಬರೀ ಪೊರೆ ಹಿಡಿಯುವುದಿಲ್ಲ. ನೈಟ್ರಿಕ್ ಆಕ್ಸೈಡ್ ಮಾಡುವ ಒಂದು ಕಿಣ್ವವನ್ನೂ ಅದು ಜಾಗದಲ್ಲಿ ಇರಿಸಿಕೊಂಡಿರುತ್ತದೆ. ಕೆಲಸ ಮಾಡುವ ಸ್ನಾಯುವಿಗೆ ರಕ್ತ ಹೆಚ್ಚು ಹರಿಯಲಿ ಅಂತ ರಕ್ತನಾಳವನ್ನು ಸಡಿಲಿಸುವುದು ಈ ನೈಟ್ರಿಕ್ ಆಕ್ಸೈಡ್. ಡಿಸ್ಟ್ರೊಫಿನ್ ಹೋದರೆ ಅದೂ ಹೋಯಿತು. ಅಂದರೆ ಹುಡುಗ ಓಡಲು ಶುರುಮಾಡಿದ ಹೊತ್ತಿಗೆ, ಸರಿಯಾಗಿ ಬೇಕಾದಾಗಲೇ, ಸ್ನಾಯುವಿಗೆ ರಕ್ತ ಸಾಕಾಗುವುದಿಲ್ಲ.

ಜಗಳೂರು ಕಡೆ ಬೋರ್‌ವೆಲ್ ಇಟ್ಟುಕೊಂಡವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ. ವೋಲ್ಟೇಜ್ ಕಡಿಮೆ ಇದ್ದಾಗ ಮೋಟರ್ ಹಠ ಹಿಡಿದು ಓಡಿಸಿದರೆ ನೀರು ಬರುವುದು ಹಾಗಿರಲಿ, ಒಳಗಿನ ಕಾಯಿಲೇ ಸುಟ್ಟುಹೋಗುತ್ತದೆ. ನನ್ನ ಭಾವನಿಗೆ ಅಷ್ಟು ಹೇಳಿದ್ದೇ ಸಾಕಾಯಿತು.

ಹಾಗಂತ ಮೂಲೆಯಲ್ಲಿ ಕೂರಿಸಿಬಿಟ್ಟರೆ? ಇಲ್ಲೇ ವಿಷಯ ಸೂಕ್ಷ್ಮ ಆಗುವುದು. ಆರೋಗ್ಯವಂತ ಸ್ನಾಯು ಕೆಲಸ ಮಾಡಿದಾಗ ಎಟಿಪಿ ಇಳಿಯುತ್ತದೆ. ಇಳಿದದ್ದನ್ನು ಎಎಂಪಿಕೆ ಅನ್ನುವ ಕಿಣ್ವ ಪತ್ತೆ ಹಚ್ಚುತ್ತದೆ. ಅದರ ಸೂಚನೆ ಮೇಲೆ ಪಿಜಿಸಿ-1 ಆಲ್ಫಾ ಅನ್ನುವ ಪ್ರೊಟೀನ್ ಎದ್ದು ಹೊಸ ಮೈಟೊಕಾಂಡ್ರಿಯ ಮಾಡಿಸುತ್ತದೆ, ಸಣ್ಣ ರಕ್ತನಾಳಗಳನ್ನು ಹೆಚ್ಚಿಸುತ್ತದೆ. ವ್ಯಾಯಾಮದಿಂದ ದಮ್ಮು ಬರುವುದು ಹೀಗೆ. ಕಾಯಿಲೆ ಸ್ನಾಯುವಿನಲ್ಲೂ ಈ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಡುಶೆನ್ ಮೊದಲು ತಿನ್ನುವುದು ವೇಗದ ಎಳೆಗಳನ್ನು. ಜಿಗಿಯುವುದಕ್ಕೆ, ಎತ್ತುವುದಕ್ಕೆ ಬಳಸುವ ಎಳೆಗಳವು. ಮೈಟೊಕಾಂಡ್ರಿಯ ತುಂಬಿದ ನಿಧಾನದ ಎಳೆಗಳು ಜಾಸ್ತಿ ದಿನ ಉಳಿಯುತ್ತವೆ. ಸ್ನಾಯು ತನ್ನನ್ನು ತಾನೇ ನಿಧಾನದ ಕಡೆಗೆ ಬದಲಿಸಿಕೊಳ್ಳುತ್ತಾ ಬದುಕಲು ನೋಡುತ್ತದೆ. ಪಾಠ ಮಾಡುವವನಾಗಿ ನನಗೆ ಇದರಷ್ಟು ಬೆರಗಿನ ಸಂಗತಿ ಇನ್ನೊಂದಿಲ್ಲ. ಈ ಪ್ರಯತ್ನಕ್ಕೆ ಸಣ್ಣ, ನಿಯಮಿತ ಚಲನೆ ಬೆಂಬಲ ಕೊಡುತ್ತದೆ. ಅತಿಯಾದ ಚಲನೆ ಮುರಿಯುತ್ತದೆ. ಚಲನೆಯೇ ಇಲ್ಲದಿದ್ದರೆ ಉಳಿದ ಎಳೆಯೂ ಸೊರಗುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ 30 ಡುಶೆನ್ ಹುಡುಗರ ಮೇಲೆ ಒಂದು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಮೋಟರಿನ ನೆರವಿರುವ ಸೈಕಲ್ಲನ್ನು ಕಾಲಿನಿಂದ ಮತ್ತು ಕೈಯಿಂದ ನಿಧಾನವಾಗಿ ತುಳಿಸಿದರು, 24 ವಾರ. ಅಷ್ಟು ದಿನದಲ್ಲಿ ತುಳಿದವರ ಸಾಮರ್ಥ್ಯ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ತುಳಿಯದವರದು ಇಳಿಯಿತು. 30 ಹುಡುಗರು ಅಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೂ ಇಳಿಯುತ್ತಲೇ ಹೋಗುವ ಕಾಯಿಲೆಯಲ್ಲಿ ಇದ್ದಲ್ಲೇ ನಿಲ್ಲುವುದು ಸಣ್ಣ ಮಾತಲ್ಲ.

ಹಾಗಾಗಿ ಈ ಮಕ್ಕಳಲ್ಲಿ ಸಾಕು ಮತ್ತು ಜಾಸ್ತಿ ಎರಡರ ನಡುವೆ ಇರುವ ಜಾಗ ತುಂಬಾ ಕಿರಿದು. ಆ ಜಾಗ ಎಲ್ಲಿದೆ ಅಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರು ತಿಂಗಳಿಗೊಮ್ಮೆ ನೋಡುವ ಡಾಕ್ಟರು ದಿನಾ ಹೇಳಲು ಆಗುವುದಿಲ್ಲ. ದಿನಾ ನೋಡುವವರು ಶಾಲೆಯ ಮೇಷ್ಟ್ರು, ಅಂಗನವಾಡಿ ಅಕ್ಕ, ಆಶಾ, ಅಮ್ಮ. ಅವರಿಗೆ ಯಾರೂ ಏನೂ ಹೇಳಿಲ್ಲ.

ಶಾಲೆಯಲ್ಲಿ ಏನಾಗುತ್ತದೆ ನೋಡಿ. ನಮ್ಮ ಹುಡುಗ ನಡೆಯುತ್ತಿದ್ದ ದಿನಗಳಲ್ಲಿ, ಹೋಂವರ್ಕ್ ಬಿಟ್ಟದ್ದಕ್ಕೆ ಬಸ್ಕಿ ಹೊಡೆಸಿದ್ದರು. ಯಾವ ಶಾಲೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಎಷ್ಟೋ ಶಾಲೆಯಲ್ಲಿ ಇದು ಇದ್ದದ್ದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ಯಾವ ಮಗುವಿಗೂ ಕೊಡುವ ಹಾಗಿಲ್ಲ ಅನ್ನುತ್ತದೆ. ಅದು ಬೇರೆ ವಿಷಯ. ಸ್ನಾಯುರೋಗದ ಮಗುವಿಗೆ ಬಸ್ಕಿ ಶಿಕ್ಷೆಯಷ್ಟೇ ಅಲ್ಲ, ಗಾಯ. ಕೆಳಗೆ ಕೂರುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಪೊರೆ ಹೆಚ್ಚು ಹರಿಯುವುದು ಇಂಥ ಕೆಲಸದಲ್ಲೇ. ಮೆಟ್ಟಿಲು ಇಳಿಯುವುದು, ಇಳಿಜಾರಿನಲ್ಲಿ ಓಡುವುದು ಇದೇ ಜಾತಿ. ಅವನು ಮಾರನೇ ದಿನ ಹಾಸಿಗೆಯಿಂದ ಏಳಲಿಲ್ಲ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿತ್ತು. ಸ್ನಾಯು ಒಡೆದು ಅದರೊಳಗಿನ ಮಯೊಗ್ಲೋಬಿನ್ ಅನ್ನುವ ಪ್ರೊಟೀನ್ ರಕ್ತಕ್ಕೆ ಬಿದ್ದು ಮೂತ್ರದಲ್ಲಿ ಹೋಗುವಾಗ ಹೀಗಾಗುತ್ತದೆ. ಕಿಡ್ನಿಗೆ ಏಟು ಬೀಳಬಹುದು. ನೀರು ಕಡಿಮೆ ಕುಡಿದಿದ್ದಾನೆ ಅಂತ ಮನೆಯಲ್ಲಿ ಎಳನೀರು ಕೊಟ್ಟು ಮಲಗಿಸಿದ್ದರು. ಅದೃಷ್ಟ, ಏನೂ ಆಗಲಿಲ್ಲ.

ಇದೆಲ್ಲ ಆದಮೇಲೆ ಶಾಲೆ ಇನ್ನೊಂದು ತುದಿಗೆ ಹೋಯಿತು. ಪಿ.ಟಿ. ಪೀರಿಯಡ್‌ನಲ್ಲಿ ಬೆಂಚಿನ ಮೇಲೆ ಕೂರಿಸಿ, ಎಲ್ಲರ ನೀರಿನ ಬಾಟಲಿ ಕಾಯಲು ಬಿಟ್ಟರು. ಪ್ರೀತಿಯಿಂದಲೇ ಮಾಡಿದ್ದು, ಬೇಸರ ಇಲ್ಲ. ಆದರೆ ಇವೆರಡರ ನಡುವೆ ಎಷ್ಟೊಂದು ಇದೆ. ಸಮತಟ್ಟು ನೆಲದಲ್ಲಿ ನಡೆಯುವುದು, ಬಾಲ್ ಎಸೆದು ಹಿಡಿಯುವುದು, ಹಿಮ್ಮಡಿ ಚಾಚಿಸುವ ವ್ಯಾಯಾಮ, ಸಾಧ್ಯ ಇದ್ದಲ್ಲಿ ನೀರಿನಲ್ಲಿ ಆಡುವುದು. ದಣಿವಾಗುವ ಮೊದಲೇ ನಿಲ್ಲಿಸಬೇಕು. ಮಾರನೇ ದಿನ ನೋವು ಉಳಿದರೆ ಹಿಂದಿನ ದಿನದ್ದು ಜಾಸ್ತಿಯಾಗಿತ್ತು ಅಂತ ಅರ್ಥ, ಕಡಿಮೆ ಮಾಡಬೇಕು. ಮೂತ್ರ ಕಂದಾದರೆ ತಕ್ಷಣ ಆಸ್ಪತ್ರೆ. ಒಬ್ಬ ದೈಹಿಕ ಶಿಕ್ಷಕರಿಗೆ ಇಷ್ಟು ಹೇಳಿಕೊಡಲು ಎಷ್ಟು ಹೊತ್ತು ಬೇಕು, ಹೇಳಿ?

ಈಗ ಊಟದ ವಿಷಯ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿ ಸ್ನಾಯು. ಆ ಸ್ನಾಯುವೇ ಕಡಿಮೆಯಾಗಿ, ಇದ್ದದ್ದೂ ಅಲುಗಾಡದೆ ಕೂತರೆ ಅದು ಇನ್ಸುಲಿನ್ನಿನ ಮಾತು ಕೇಳುವುದು ನಿಲ್ಲಿಸುತ್ತದೆ. ಜೊತೆಗೆ ಈ ಮಕ್ಕಳಿಗೆ ಕೊಡುವ ಮುಖ್ಯ ಮಾತ್ರೆ ಸ್ಟಿರಾಯ್ಡ್, ಅಂದರೆ ಪ್ರೆಡ್ನಿಸೊಲೋನ್ ಅಥವಾ ಡೆಫ್ಲಜಕಾರ್ಟ್. ಅದು ನಡೆಯುವ ಕಾಲವನ್ನು ಮುಂದಕ್ಕೆ ಒಯ್ಯುತ್ತದೆ, ಅದರ ಬಗ್ಗೆ ಅನುಮಾನವಿಲ್ಲ. ಆದರೆ ಹಸಿವು ಹೆಚ್ಚಿಸುತ್ತದೆ, ತೂಕ ಏರಿಸುತ್ತದೆ, ಮೂಳೆ ಸವೆಸುತ್ತದೆ, ಸಕ್ಕರೆ ಕಾಯಿಲೆಯ ಬಾಗಿಲು ತೆರೆಯುತ್ತದೆ. ಹೆಚ್ಚಿದ ಪ್ರತಿ ಕಿಲೋ ತೂಕವನ್ನೂ ಸೋತ ಕಾಲು ಹೊರಬೇಕು. (ಡೆಫ್ಲಜಕಾರ್ಟ್ ನಮ್ಮ ಮೆಡಿಕಲ್ ಶಾಪಿನಲ್ಲಿ ಎಷ್ಟೋ ವರ್ಷದಿಂದ ಸಸ್ತಾ ಬೆಲೆಗೆ ಸಿಗುತ್ತಿದೆ. ಇದೇ ಮಾತ್ರೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಕಂಪನಿ ಇಟ್ಟ ಬೆಲೆ ವರ್ಷಕ್ಕೆ 89,000 ಡಾಲರ್. ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮಗೆ ಯಾವುದು ಸುಲಭ ಅನ್ನುವುದೂ ನಮಗೆ ಗೊತ್ತಿರಬೇಕು, ಅಲ್ವಾ?)

ಸ್ಟಿರಾಯ್ಡ್ ಬಗ್ಗೆ ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ಬಿಡಬಾರದು. ದೇಹ ತನ್ನದೇ ಹಾರ್ಮೋನ್ ಮಾಡುವುದನ್ನು ನಿಲ್ಲಿಸಿರುತ್ತದೆ. ಜ್ವರ, ವಾಂತಿ ಬಂದಾಗ ಮಾತ್ರೆ ತಪ್ಪಿದರೆ ಮಗು ಕುಸಿದುಬೀಳಬಹುದು. ಊರಲ್ಲಿ ಯಾರೋ ಬಂದು ಸ್ಟಿರಾಯ್ಡ್ ಕೊಡಬೇಡ್ರಿ, ನಾಟಿ ಔಷಧಿ ಕೊಡ್ತೀವಿ ಅನ್ನುತ್ತಾರೆ. ತಾಯಿ ಮಾತ್ರೆ ನಿಲ್ಲಿಸುತ್ತಾಳೆ. ಆಶಾ ಕಾರ್ಯಕರ್ತೆಗೆ ಇದೊಂದು ವಿಷಯ ಗೊತ್ತಿದ್ದರೂ ತಡೆಯಬಹುದು.

ಬಿಸಿಯೂಟದಲ್ಲಿ ನಮ್ಮ ಹುಡುಗನಿಗೆ ಎಲ್ಲರಿಗಿಂತ ಜಾಸ್ತಿ ಅನ್ನ ಬಡಿಸುತ್ತಿದ್ದರು. ಪಾಪ, ಶಕ್ತಿ ಬರಲಿ ಅಂತ. ಮನೆಯಲ್ಲಿ ಅಜ್ಜಿಯೂ ಅದನ್ನೇ ಮಾಡುತ್ತಿದ್ದರು, ಬೆಣ್ಣೆ ಸಮೇತ. ನಡೆಯುವುದು ನಿಂತ ಮಗುವಿಗೆ ಬೇಕಾಗುವ ಕ್ಯಾಲೊರಿ ಅದೇ ವಯಸ್ಸಿನ ಓಡಾಡುವ ಮಗುವಿಗಿಂತ ಕಡಿಮೆ. ಮೊಟ್ಟೆ, ಬೇಳೆ, ಸೊಪ್ಪು, ರಾಗಿ ಸಾಕಷ್ಟು ಇರಲಿ, ಅನ್ನ ಮತ್ತು ಸಿಹಿ ಕಡಿಮೆಯಾಗಲಿ. ಆದರೆ ಇದೇ ನಿಯಮ ಹದಿನೆಂಟರ ಹುಡುಗನಿಗೆ ಹೇಳಬೇಡಿ. ಆ ಹೊತ್ತಿಗೆ ನುಂಗುವುದು ಕಷ್ಟ, ಉಸಿರಾಟಕ್ಕೇ ಶಕ್ತಿ ಖರ್ಚು. ಆಗ ಅವರು ಸೊರಗುತ್ತಾರೆ, ಜಾಸ್ತಿ ತಿನ್ನಿಸಬೇಕಾಗುತ್ತದೆ. ಒಂದೇ ಮಗು, ಆರೇಳು ವರ್ಷದಲ್ಲಿ ಸಲಹೆ ತಿರುಗುಮುರುಗು.

ಸಲಹೆ ಬದಲಾಯಿಸಬೇಕಾದರೆ ತೂಕ ಗೊತ್ತಿರಬೇಕು. ನಿಲ್ಲಲು ಆಗದ ಮಗುವನ್ನು ತೂಗುವುದು ಹೇಗೆ? ನಾವು ಹೋದ ಕಡೆಯೆಲ್ಲ ನಿಂತು ನೋಡುವ ತಕ್ಕಡಿಯೇ. ಚಿಕ್ಕವನಿದ್ದಾಗ ಅಪ್ಪ ಎತ್ತಿಕೊಂಡು ನಿಂತು, ಆಮೇಲೆ ಅಪ್ಪನ ತೂಕ ಕಳೆಯುತ್ತಿದ್ದರು. ಈಗ ಎತ್ತಲು ಆಗುವುದಿಲ್ಲ. ಕೊನೆಗೆ ಮೆಕ್ಕೆಜೋಳದ ಮಂಡಿಯಲ್ಲಿ ಮೂಟೆ ತೂಗುವ ಪ್ಲಾಟ್‌ಫಾರಂ ಮೇಲೆ ವೀಲ್‌ಚೇರ್ ಸಮೇತ ಹತ್ತಿಸಿ, ಖಾಲಿ ವೀಲ್‌ಚೇರ್ ತೂಕ ಕಳೆದೆವು. ಹುಡುಗ ನಗುತ್ತಾ ರೇಟ್ ಎಷ್ಟು ಅಂತ ಕೇಳಿದ. ಮಂಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥದ್ದೊಂದು ತಕ್ಕಡಿ ಇಡುವುದು ದೊಡ್ಡ ಖರ್ಚಿನ ಬಾಬತ್ತಾ, ಸಾರ್?

ಇನ್ನು ರಕ್ತ ಪರೀಕ್ಷೆ. ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ ವಿಷಯ ಇದು, ಸ್ವಲ್ಪ ಉದ್ದ ಹೇಳುತ್ತೇನೆ. ಹುಡುಗನಿಗೆ ನಾಲ್ಕು ವರ್ಷ ಇದ್ದಾಗ ಜ್ವರಕ್ಕೆ ಅಂತ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದರು. ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಎರಡು ಕಿಣ್ವ ಜಾಸ್ತಿ ಬಂತು. ಲಿವರ್ ತೊಂದರೆ ಅಂದರು. ಲಿವರ್ ಟಾನಿಕ್, ಸ್ಕ್ಯಾನಿಂಗ್, ಪಥ್ಯ. ಕಾಮಾಲೆಗೆ ಔಷಧಿ ಕೊಡುವವರ ಹತ್ತಿರವೂ ಹೋಗಿ ಬಂದರು. ಎರಡು ವರ್ಷ ಹೀಗೇ ಹೋಯಿತು. ಲಿವರ್‌ಗೆ ಏನೂ ಆಗಿರಲಿಲ್ಲ. ಆ ಎರಡು ಕಿಣ್ವ ಲಿವರ್‌ನಲ್ಲಿರುವಂತೆ ಸ್ನಾಯುವಿನಲ್ಲೂ ಇವೆ. ಪೊರೆ ಸೋರಿದಾಗ ಅವೂ ಸೋರುತ್ತವೆ. ಜೊತೆಗೆ ಸಿಪಿಕೆ ಅನ್ನುವ ಸ್ನಾಯುವಿನ ಕಿಣ್ವವನ್ನೂ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈ ಕಾಯಿಲೆಯಲ್ಲಿ ಸಿಪಿಕೆ ಮಾಮೂಲಿಗಿಂತ ಹತ್ತು ಪಟ್ಟಿನಿಂದ ನೂರು ಪಟ್ಟಿನವರೆಗೆ ಏರಿರುತ್ತದೆ. ಜಿಜಿಟಿ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಅದು ಸ್ನಾಯುವಿನಿಂದ ಬರುವುದಿಲ್ಲ. ಅದು ಸರಿಯಿದ್ದು ಉಳಿದೆರಡು ಏರಿದ್ದರೆ ಅನುಮಾನ ಸ್ನಾಯುವಿನ ಕಡೆ ತಿರುಗಬೇಕು. ಸಿಪಿಕೆಗೆ ಖರ್ಚು ಕೆಲವು ನೂರು ರೂಪಾಯಿ. ಎರಡು ವರ್ಷದ ಟಾನಿಕ್‌ಗೆ ಎಷ್ಟಾಯಿತು ಅಂತ ತಂಗಿ ಲೆಕ್ಕ ಇಟ್ಟಿಲ್ಲ.

ಇದು ನಮ್ಮೂರಿನ ತೊಂದರೆ ಮಾತ್ರ ಅಂತಲ್ಲ. ಅಮೆರಿಕದಲ್ಲೂ ಮೊದಲ ಲಕ್ಷಣ ಕಂಡ ಮೇಲೆ ಕಾಯಿಲೆ ಗೊತ್ತಾಗಲು ಸರಾಸರಿ ಎರಡೂವರೆ ವರ್ಷ ಹಿಡಿಯುತ್ತಿತ್ತು ಅಂತ ಅಧ್ಯಯನ ಹೇಳಿದೆ. ಆದರೆ ನಮಗೆ ಒಂದು ಅನುಕೂಲ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನಿಮ್ಮ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗುತ್ತವೆ. ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ರಕ್ತಹೀನತೆ ನೋಡುತ್ತಾರೆ. ಅದರ ಜೊತೆಗೆ ಪ್ರತಿ ಮಗುವನ್ನೂ ನೆಲದ ಮೇಲೆ ಕೂರಿಸಿ ಏಳಿಸಿ ನೋಡಲಿ. ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ಹತ್ತಿಕೊಂಡು ಹೋದ ಹಾಗೆ ಎದ್ದರೆ ಅದು ಸೊಂಟ, ತೊಡೆಯ ಸ್ನಾಯು ಸೋತ ಗುರುತು. ಗವರ್ಸ್ ಎಂಬ ಇಂಗ್ಲಿಷ್ ವೈದ್ಯ 1879ರಲ್ಲೇ ಇದನ್ನು ಬರೆದಿಟ್ಟ. ಅದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ, ಬರೀ ನೆಲ ಸಾಕು. ಹಾಗೆ ಎದ್ದ ಮಗುವಿಗೂ, ಒಂದೂವರೆ ವರ್ಷವಾದರೂ ನಡೆಯದ ಮಗುವಿಗೂ, ಕಾರಣ ತಿಳಿಯದೆ ಎಸ್‌ಜಿಪಿಟಿ ಏರಿದ ಮಗುವಿಗೂ ಸಿಪಿಕೆ ಮಾಡಿಸಿ ಅಂತ ಒಂದು ಸುತ್ತೋಲೆ ಹೊರಡಿಸಿ. ಇದು ನನ್ನ ಮೊದಲ ಕೋರಿಕೆ. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಅರಿವಳಿಕೆ ವಿಷಯ ಚಿಕ್ಕದು, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಡುಶೆನ್ ಮಗುವಿಗೆ ಆಪರೇಷನ್ ಹೊತ್ತಿನಲ್ಲಿ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧಿ ಕೊಟ್ಟರೆ ಸ್ನಾಯುವಿನಿಂದ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ಸುರಿದು ಹೃದಯ ನಿಲ್ಲಬಹುದು. ಉಸಿರಿನ ಮೂಲಕ ಕೊಡುವ ಕೆಲವು ಅರಿವಳಿಕೆ ಅನಿಲಗಳೂ ಅಪಾಯವೇ. ಕಾಯಿಲೆ ಇನ್ನೂ ಪತ್ತೆಯಾಗದ ಗಂಡುಮಕ್ಕಳು ಹೀಗೆ ಸತ್ತ ಮೇಲೆ 1990ರ ದಶಕದಲ್ಲಿ ಅಮೆರಿಕದ ಔಷಧ ಇಲಾಖೆ ಈ ಔಷಧಿಗೆ ಎಚ್ಚರಿಕೆ ಹಾಕಿಸಿತು. ರಕ್ತನಾಳದ ಮೂಲಕ ಕೊಡುವ ಬೇರೆ ಔಷಧಿಗಳಿವೆ, ಅರಿವಳಿಕೆ ತಜ್ಞರಿಗೆ ಗೊತ್ತಿರುತ್ತದೆ. ಆದರೆ ಕೈ ಮುರಿದುಕೊಂಡು ರಾತ್ರಿ ಹತ್ತಕ್ಕೆ ಬಂದ ಮಗುವಿನ ಕಾಯಿಲೆ ಅವರಿಗೆ ಗೊತ್ತಿರಬೇಕಲ್ಲ? ಜೇಬಿನಲ್ಲಿಡುವ ಒಂದು ಕಾರ್ಡ್ ಕೊಡಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಸ್ಟಿರಾಯ್ಡ್ ಪ್ರಮಾಣ, ಅರಿವಳಿಕೆ ಎಚ್ಚರಿಕೆ, ತೋರಿಸುವ ಡಾಕ್ಟರ ಹೆಸರು, ಇಷ್ಟಿದ್ದರೆ ಸಾಕು.

ನಾನು ಡುಶೆನ್ ಬಗ್ಗೆಯೇ ಹೆಚ್ಚು ಬರೆದೆ, ಮನೆಯಲ್ಲಿ ಇರುವುದು ಅದು. ಆದರೆ ನರ ಮತ್ತು ಸ್ನಾಯುವಿನ ಕಾಯಿಲೆಗಳು ಬೇಕಾದಷ್ಟಿವೆ, ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಕೆಡುವುದು ಬೆನ್ನುಹುರಿಯ ನರಕೋಶ. ಆ ಮಕ್ಕಳ ಮೈಯಲ್ಲಿ ಸ್ನಾಯು ಎಷ್ಟು ಕಡಿಮೆ ಇರುತ್ತದೆಂದರೆ ಉಪವಾಸ ಇದ್ದರೆ ಸಕ್ಕರೆ ಬೇಗ ಇಳಿಯುತ್ತದೆ. ಆಪರೇಷನ್‌ಗೆ ಅಂತ ರಾತ್ರಿಯಿಂದ ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆಯಲ್ಲಿ ಕಾಯಿಸಬಾರದು. ಕೊಬ್ಬು ಸುಡಲು ಬಾರದ ಸ್ನಾಯುರೋಗಗಳಿವೆ. ಅವರಿಗೆ ಜ್ವರ ಮತ್ತು ಉಪವಾಸ ಎರಡೂ ಶತ್ರು. ಮನೆಯವರೆಲ್ಲ ಶಿವರಾತ್ರಿ ಉಪವಾಸ ಇದ್ದರೂ ಆ ಮಗುವಿಗೆ ಊಟ ಹಾಕಲೇಬೇಕು. ಶಿವ ಬೇಡ ಅನ್ನುವುದಿಲ್ಲ. ಇನ್ನು ಮ್ಯಾಕಾರ್ಡಲ್ ಕಾಯಿಲೆ, 1951ರಲ್ಲಿ ಗುರುತಿಸಿದ್ದು. ಅದರಲ್ಲಿ ಸ್ನಾಯು ತನ್ನ ಗ್ಲೈಕೊಜನ್ ಅನ್ನು ತಾನೇ ಒಡೆಯಲಾರದು. ನಡೆಯಲು ಶುರುಮಾಡಿದ ಕೂಡಲೇ ಕಾಲು ಹಿಡಿಯುತ್ತದೆ. ನಿಧಾನ ಮಾಡಿ ಎಂಟು ಹತ್ತು ನಿಮಿಷ ಮುಂದುವರಿದರೆ ರಕ್ತದಿಂದ ಸಕ್ಕರೆ, ಕೊಬ್ಬು ಬಂದು ಆರಾಮಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ಹುಡುಗ ಸೋಮಾರಿ, ನಾಟಕ ಅನ್ನುತ್ತೇವೆ. ಜಿಮ್ಮಿನವರು ಮಾರುವ ಕ್ರಿಯಾಟಿನ್ ಪುಡಿ ಮಸ್ಕ್ಯುಲರ್ ಡಿಸ್ಟ್ರೊಫಿಗಳಲ್ಲಿ ಬಲವನ್ನು ತುಸು ಹೆಚ್ಚಿಸುತ್ತದೆ ಅಂತ ಪರೀಕ್ಷೆಗಳು ಹೇಳುತ್ತವೆ. ಅದೇ ಪುಡಿ ದೊಡ್ಡ ಪ್ರಮಾಣದಲ್ಲಿ ಮ್ಯಾಕಾರ್ಡಲ್ ಇರುವವರ ನೋವು ಹೆಚ್ಚಿಸಿತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಡಬ್ಬಿ ನೋಡಿ ಕೊಳ್ಳಬೇಡಿ, ಮೊದಲು ಕಾಯಿಲೆಯ ಹೆಸರು ತಿಳಿದುಕೊಳ್ಳಿ.

ಒಂದು ಮಾತು ಸಾರ್ವಜನಿಕರಿಗೂ ಹೇಳಬೇಕು. ಕಾಯಿಲೆ ಗೊತ್ತಾದಾಗ ಊರಿನವರು ಮೊದಲು ಕೇಳಿದ್ದು, ಸಂಬಂಧದಲ್ಲೇ ಕೊಟ್ಟಿದ್ರಾ ಅಂತ. ಕೊಟ್ಟಿರಲಿಲ್ಲ. ಡುಶೆನ್‌ಗೂ ಸೋದರಮಾವನ ಮದುವೆಗೂ ಸಂಬಂಧ ಇಲ್ಲ. ಎಕ್ಸ್ ಕ್ರೋಮೊಸೋಮಿನಲ್ಲಿರುವುದರಿಂದ ಅದು ತಾಯಿಯ ಕಡೆಯಿಂದ ಬರುತ್ತದೆ. ಸುಮಾರು ಮೂರರಲ್ಲಿ ಒಂದು ಸಲ ತಾಯಿಯಲ್ಲೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಮತ್ತು ಇನ್ನು ಕೆಲವು ಸ್ನಾಯುರೋಗಗಳಲ್ಲಿ ರಕ್ತಸಂಬಂಧದ ಮದುವೆ ಅಪಾಯ ಹೆಚ್ಚಿಸುತ್ತದೆ, ಅದು ನಿಜ. ಎರಡನ್ನೂ ಒಂದೇ ಮಾಡಿ ತಾಯಿಯ ತಲೆಗೆ ಕಟ್ಟುವುದು ಬೇಡ. ತಂಗಿಗೆ ಬೈಗುಳ ಸಿಕ್ಕಿತು, ಹೃದಯದ ಎಕೋ ಪರೀಕ್ಷೆ ಸಿಗಲಿಲ್ಲ. ಜೀನ್ ಹೊತ್ತ ಹೆಂಗಸರ ಹೃದಯವೂ ಸೋಲಬಹುದು. ಹೃದಯವೂ ಸ್ನಾಯುವೇ ತಾನೆ. ಅವರಿಗೂ ಆಗಾಗ ಎಕೋ ಆಗಬೇಕು.

ಕಾನೂನು ನಮ್ಮ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಹೆಸರಿಟ್ಟೇ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಡುಶೆನ್ ಇದೆ. ನಿಗದಿಪಡಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವೂ 2022ರಿಂದ ಇದೆ. ಆದರೆ ಅದೆಲ್ಲ ಬೆಂಗಳೂರಿನಲ್ಲಿ, ಇಲ್ಲಿಂದ 260 ಕಿಲೋಮೀಟರ್ ದೂರ. ನಡೆಯಲಾರದ ಮಗುವನ್ನು ಬಸ್ಸಿಗೆ ಹತ್ತಿಸಿ ಇಳಿಸುವುದನ್ನು ಒಮ್ಮೆ ನೋಡಿ. ನಮ್ಮಲ್ಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ. ಪುನರ್ವಸತಿ ಕೇಂದ್ರ ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ದೊಡ್ಡ ಮೆಡಿಕಲ್ ಕಾಲೇಜುಗಳಿವೆ, ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇಷ್ಟೂ ಕಡೆಯವರು ಒಂದೇ ಹಾಳೆ ನೋಡಿ ಒಂದೇ ಮಾತು ಹೇಳಿದರೆ ಸಾಕು. ಈಗ ಒಬ್ಬರು ಓಡಿಸಿ ಅನ್ನುತ್ತಾರೆ, ಇನ್ನೊಬ್ಬರು ಅಲುಗಾಡಿಸಬೇಡಿ ಅನ್ನುತ್ತಾರೆ, ಮತ್ತೊಬ್ಬರು ಚೆನ್ನಾಗಿ ತಿನ್ನಿಸಿ ಅನ್ನುತ್ತಾರೆ. ತಿಂಗಳಿಗೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರು, ಫಿಸಿಯೋಥೆರಪಿಯವರು, ಆಹಾರ ತಜ್ಞರು ಒಟ್ಟಿಗೆ ಕೂತು ಈ ಮಕ್ಕಳನ್ನು ನೋಡಲಿ. ಉಸಿರು ಮತ್ತು ಹೃದಯದ ಪರೀಕ್ಷೆಯೂ ಅವತ್ತೇ ಆಗಲಿ. ಚಿತ್ರದುರ್ಗದವರೂ ಒಂದು ಗಂಟೆಯ ಹಾದಿಯಲ್ಲಿ ಬಂದು ಹೋಗಬಹುದು.

ಉಪನಿರ್ದೇಶಕರಿಗೆ ಪ್ರತ್ಯೇಕವಾಗಿ: ದೈಹಿಕ ಶಿಕ್ಷಕರ ಮುಂದಿನ ಸಭೆಯಲ್ಲಿ ಒಂದು ಗಂಟೆ ಕೊಡಿ. ಫಿಸಿಯೋಥೆರಪಿ ಬಲ್ಲವರನ್ನು ಕರೆಸಿ. ಈ ಮಕ್ಕಳ ತರಗತಿಗಳನ್ನು ನೆಲಮಹಡಿಗೆ ತನ್ನಿ, ಮೆಟ್ಟಿಲು ಇಳಿಯುವುದು ತಪ್ಪಲಿ. ಬಸ್ಕಿ ಮಾತು ಮತ್ತೆ ಹೇಳುವುದಿಲ್ಲ, ನಿಮಗೇ ಗೊತ್ತು.

ಮೇಲೆ ಹೇಳಿದ ಹಾಳೆಯ ಕರಡನ್ನು ಕನ್ನಡದಲ್ಲಿ ನಾನೇ ಬರೆದಿದ್ದೇನೆ, ಎರಡು ಪುಟ. ಅದನ್ನು ನಿಮ್ಮ ತಜ್ಞರು ತಿದ್ದಬೇಕು, ಮೇಷ್ಟ್ರ ಮಾತನ್ನು ಹಾಗೇ ನಂಬಬೇಡಿ. ಕಾಲೇಜಿಗೆ ರಜೆ ಇರುವ ಯಾವುದಾದರೂ ಶನಿವಾರ ನಿಮ್ಮ ಕಚೇರಿಗೆ ಬರಲು ಸಿದ್ಧ. ಹುಡುಗನೂ ಬರುತ್ತೇನೆ ಅನ್ನುತ್ತಿದ್ದಾನೆ. ಹಾಗಾಗಿ ಭೇಟಿಯನ್ನು ದಯವಿಟ್ಟು ನೆಲಮಹಡಿಯ ಕೋಣೆಯಲ್ಲಿ ಇಟ್ಟುಕೊಳ್ಳಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಜೀವಶಾಸ್ತ್ರ ಉಪನ್ಯಾಸಕ,
ದಾವಣಗೆರೆ